ಒಡೆದ ರಕ್ತ

ಕುರ್ಚಿ ಎಳೆದುಕೊಂಡು ಕೂತವನಿಗೆ ಆ ಬೆಳಿಗ್ಗೆ ಮೊದಲು ಹೇಸಿಗೆ ಹುಟ್ಟಿಸಿದ್ದು ಕೀಬೋರ್ಡಿನ ಎಂಟರ್ ಗುಂಡಿ. ಉಳಿದ ಗುಂಡಿಗಳ ಮೇಲೆ ಅಕ್ಷರಗಳು ಅರ್ಧಂಬರ್ಧವಾದರೂ ಉಳಿದಿದ್ದವು. ಇದೊಂದು ಮಾತ್ರ ಸವೆದು, ಜಿಡ್ಡು ಹಿಡಿದು, ಯಾರೋ ಚೀಪಿ ಉಗಿದ ಪೆಪ್ಪರಮೆಂಟಿನಂತೆ ಹೊಳೆಯುತ್ತಿತ್ತು. ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದ. ಹತ್ತಿ ಕಪ್ಪಾಯಿತು. ಇನ್ನೊಂದು ಉಂಡೆ ತೆಗೆದುಕೊಂಡ, ಅದೂ ಕಪ್ಪಾಯಿತು. ಇಷ್ಟು ವರ್ಷ ಇದನ್ನೇ ಒತ್ತಿದ ಬೆರಳನ್ನು ನಾಲಿಗೆಗೆ ತಾಗಿಸಿ ಚೀಟಿಗಳನ್ನು ಮಗುಚಿದ್ದೇನಲ್ಲ ಎಂಬುದು ಹೊಳೆದು ಮೂರನೆಯ ಉಂಡೆ ತೆಗೆದುಕೊಂಡ. ಎದುರಿನ ಗಾಜಿನ ಕಿಂಡಿಯಾಚೆ ಆಗಲೇ ಸಾಲು ನಿಂತಿತ್ತು. ಗಾಜಿನ ಮೇಲೆ ಹಣೆಗಳ ಎಣ್ಣೆ, ಬಾಯಿಗಳ ಆವಿ, ನಿನ್ನೆಯ ಯಾವುದೋ ಮಗುವಿನ ಮೂಗಿನ ಗೀರು. ಒಬ್ಬಾತ ಮೂತ್ರದ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ, ಅತ್ತಿತ್ತ ನೋಡಿ, ಮುಂದೆ ಚಾಚಿದ. ಡಬ್ಬಿ ಇನ್ನೂ ಬೆಚ್ಚಗಿತ್ತು. "ಇಲ್ಲಲ್ಲ, ಪಕ್ಕದ ಕಿಟಕಿ" ಎಂದದ್ದಕ್ಕೆ ಆ ಮನುಷ್ಯ ಕ್ಷಮಿಸಿ ಕ್ಷಮಿಸಿ ಎನ್ನುತ್ತ ಸರಿದುಹೋದ. ಇಲ್ಲಿಗೆ ಬಂದವರೆಲ್ಲ ಯಾಕೆ ಹೀಗೆ ಕ್ಷಮೆ ಕೇಳುತ್ತಾರೋ, ಕಾಯಿಲೆ ಬೀಳುವುದು ಕಳ್ಳತನವೇನೋ ಎಂಬಂತೆ. ಅವನಿಗೆ ಅದೂ ಹೇಸಿಗೆ.

ಅವನ ಕೆಲಸ ಹೇಳಿಕೊಳ್ಳುವಂಥದ್ದಲ್ಲ, ಹೇಳಿದರೆ ಯಾರಿಗೂ ಅರ್ಥವಾಗುವಂಥದ್ದೂ ಅಲ್ಲ. ಇಂತಿಂಥ ರಕ್ತಪರೀಕ್ಷೆ ಆಗಬೇಕೆಂದು ಡಾಕ್ಟರು ಚೀಟಿಯಲ್ಲಿ ಗೀಚುತ್ತಾರೆ. ಪ್ರಯೋಗಶಾಲೆಯ ಒಳಗಿನ ಯಂತ್ರಗಳಿಗೆ ಆ ಗೀಚು ಗೊತ್ತಿಲ್ಲ, ಕಂಪ್ಯೂಟರು ಹೇಳಿದ್ದಷ್ಟೇ ಗೊತ್ತು. ಚೀಟಿಯಲ್ಲಿ ಇರುವುದನ್ನು ಕಂಪ್ಯೂಟರಿಗೆ ಹೇಳುವವನು ಇವನು. ಇಲ್ಲಿಯವರು ಇದನ್ನು ನಮೂದು ಎನ್ನುತ್ತಾರೆ. ಅಕ್ಕನ ಗಂಡ, ಅಂದರೆ ಭಾವ, ಟೈಪು ಕುಟ್ಟೋದು ಎನ್ನುತ್ತಾನೆ. ಜೊತೆಯವರು ಇವನಿಗೆ ಇಟ್ಟಿರುವ ಹೆಸರು ತಕ್ಕಡಿ. ಗಂಡಸೊಬ್ಬನಿಗೆ ಬಸುರಿನ ಪರೀಕ್ಷೆ ಬರೆದಿದ್ದ ದೊಡ್ಡ ಡಾಕ್ಟರಿಗೆ ಚೀಟಿಯನ್ನು ಹಾಗೇ ವಾಪಸು ಕಳಿಸಿ, ಕೆಳಗೆ ದುಂಡಗೆ ‘ಖಚಿತಪಡಿಸಿ’ ಎಂದು ಬರೆದ ದಿನದಿಂದ ಆ ಹೆಸರು ಅಂಟಿಕೊಂಡಿತ್ತು. ಅದನ್ನು ಕೇಳಿದಾಗ ಮುಖ ಸಿಂಡರಿಸುತ್ತಿದ್ದ, ಒಳಗೊಳಗೇ ಉಬ್ಬುತ್ತಿದ್ದ. ಹಾಗೆ ಉಬ್ಬುವುದು ತನಗೆ ಗೊತ್ತಿದೆ ಎಂಬುದೇ ಇತ್ತೀಚೆಗೆ ಅವನಿಗೆ ಕಿರಿಕಿರಿ.

"ತಕ್ಕಡಿಯವ್ರೇ" ಎನ್ನುತ್ತ ಮೇಲ್ವಿಚಾರಕಿ ಒಳಗೆ ಬಂದಳು. ಅವಳಿಗಿಂತ ಮೊದಲು ಅವಳ ಕೈಗೆ ಹಚ್ಚಿದ ಕ್ರೀಮಿನ ಗುಲಾಬಿ ವಾಸನೆ ಬಂತು. ಎರಡು ಮಾತಿಗೊಮ್ಮೆ ಶೇಕಡಾ ಇಷ್ಟು, ಶೇಕಡಾ ಅಷ್ಟು ಎನ್ನುತ್ತಿದ್ದವಳಿಗೆ ಬೆನ್ನ ಹಿಂದೆ ಶೇಕಡಾ ಎಂದೇ ಹೆಸರು. "ನಾಳೆ ತಪಾಸಣೆ. ಹೋದ ವಾರದ ಚೀಟಿ, ನಮೂದು ಎರಡನ್ನೂ ಒಮ್ಮೆ ತಾಳೆ ನೋಡ್ಬಿಡಿ. ಬರಹ ತೀರಾ ಕೆಟ್ಟದಾಗಿದ್ರೆ ಅಂಥವನ್ನ ಬೇರೆ ಇಟ್ಬಿಡಿ. ಪಾಪ, ಬರೋರು ಕಣ್ಣು ಯಾಕೆ ನೋಯಿಸ್ಕೋಬೇಕು?" ತನ್ನ ಮಾತಿಗೆ ತಾನೇ ನಕ್ಕಳು. ಪ್ರತಿ ಸಲವೂ ಹೀಗೇ. ತಪ್ಪು ಇರಬಹುದಾದ ಚೀಟಿಗಳನ್ನೆಲ್ಲ ಮೊದಲೇ ಹೆಕ್ಕಿ ಪಕ್ಕಕ್ಕಿಟ್ಟು, ಉಳಿದವನ್ನು ಓರಣವಾಗಿ ಜೋಡಿಸಿ ತಪಾಸಣೆಯವರ ಮುಂದಿಡುವುದು. ಅವರು ನೋಡಿ ತಲೆದೂಗುವುದು. ಗೋಡೆಯ ಮೇಲೆ ಶೇಕಡಾ ತೊಂಬತ್ತೊಂಬತ್ತು ಚಿಲ್ಲರೆ ಎಂದು ಇನ್ನೊಂದು ಹಾಳೆ ಏರುವುದು. ಹೆಕ್ಕುವ ಕೆಲಸ ತಕ್ಕಡಿಯದು. ಅದಕ್ಕೇ ಹೇಳಿ ಮಾಡಿಸಿದ ಕಣ್ಣು ಅವನದು ಎಂದು ಅವಳೇ ಎಲ್ಲರ ಮುಂದೆ ಹೊಗಳಿದ್ದಳು. ಕಸದಲ್ಲಿ ಕೈಯಾಡಿಸುವವನನ್ನು ಕೈ ಎಷ್ಟು ಚುರುಕು ಎಂದು ಹೊಗಳಿದ ಹಾಗೆ. ಆದರೂ ಚೀಟಿಗಳ ಕಟ್ಟನ್ನು ಮುಂದಕ್ಕೆಳೆದುಕೊಂಡ.

ಕಟ್ಟಿನ ನಡುವೆ ಎಲ್ಲೋ ಅಕ್ಕನ ಚೀಟಿ ಸಿಕ್ಕಿತು. ಸಿಕ್ಕಾಗ ಮನಸ್ಸು ಒಂದಿಷ್ಟು ಹಗುರಾಯಿತು ಅನ್ನಬೇಕು. ಅಪರಿಚಿತರ ಸಂತೆಯಲ್ಲಿ ಮನೆಯವರ ಮುಖ ಕಂಡ ಹಾಗೆ. ಅಕ್ಕನದು ತಾಳೆ ನೋಡುವುದೇ ಬೇಡ ಎನ್ನಿಸಿತು. ವರ್ಷಗಳಿಂದ ಅದೇ ಥೈರಾಯ್ಡು, ಅದೇ ಸಕ್ಕರೆ, ಅದೇ ಹಿಮೋಗ್ಲೋಬಿನ್. ಇಂಥ ಖಾಯಂ ಗಿರಾಕಿಗಳಿಗೆಂದೇ ಕಂಪ್ಯೂಟರಿನಲ್ಲಿ ‘ಹಿಂದಿನಂತೆ’ ಎಂಬ ಗುಂಡಿಯಿದೆ. ಒತ್ತಿದರೆ ಹೋದ ಸಲದ ಪರೀಕ್ಷೆಗಳೆಲ್ಲ ಬಾಲಕ್ಕೆ ಬಾಲ ಕಟ್ಟಿಕೊಂಡು ಬಂದು ಕೂರುತ್ತವೆ, ಎಂಟರ್ ಹೊಡೆದರೆ ಮುಗಿಯಿತು. ಆದರೂ ಅಭ್ಯಾಸಬಲದಿಂದ ಕಣ್ಣು ಚೀಟಿಯ ಕೆಳಗಿನವರೆಗೂ ಇಳಿಯಿತು. ಹಿಮೋಗ್ಲೋಬಿನ್ ಕೆಳಗೆ ಇನ್ನೊಂದು ಸಾಲಿತ್ತು. ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್. ಗೀಚಲ್ಲ. ಆ ಡಾಕ್ಟರು ಶಾಲೆಯ ಮೇಷ್ಟರಂತೆ ಒಂದೊಂದೇ ಅಕ್ಷರ ಬಿಡಿಸಿ ಬರೆಯುವವರು. ಕುರುಡನಿಗೂ ಕಾಣುವ ಬರಹ. ಪರದೆ ನೋಡಿದ. ಥೈರಾಯ್ಡು, ಸಕ್ಕರೆ, ಹಿಮೋಗ್ಲೋಬಿನ್. ನಾಲ್ಕನೆಯದು ಇಲ್ಲ. ನಮೂದಿಸಿದವರು ಎಂಬಲ್ಲಿ ತನ್ನದೇ ಸಂಖ್ಯೆ.

ರಕ್ತದ ಪ್ರೋಟೀನನ್ನು ಎಳೆಎಳೆಯಾಗಿ ಬಿಡಿಸಿ ನೋಡುವ ಪರೀಕ್ಷೆ ಅದು. ಸುಮ್ಮಸುಮ್ಮನೆ ಯಾರೂ ಬರೆಯುವುದಿಲ್ಲ. ವಯಸ್ಸಾದವರಿಗೆ ಬೆನ್ನುಮೂಳೆ ನೋವು ಬಿಡದೇ ಹೋದರೆ, ಸುಸ್ತು ಕಾರಣವಿಲ್ಲದೆ ಕಾಡಿದರೆ, ಮೂಳೆಯ ಮಜ್ಜೆಯೊಳಗೇ ಏನೋ ಕೆಟ್ಟದ್ದು ಕೂತಿದೆಯೇ ಎಂದು ಡಾಕ್ಟರಿಗೆ ಗುಮಾನಿ ಬಂದಾಗ ಬರೆಯುತ್ತಾರೆ. ಒಳಗಿನ ಯಂತ್ರದವನು ಇಂಥ ಚೀಟಿ ಬಂದ ದಿನ ರೇಡಿಯೋ ಸಣ್ಣಗೆ ಮಾಡುತ್ತಾನೆ. ಅಕ್ಕನಿಗೆ ಬೆನ್ನುನೋವು ಇತ್ತು. ಹೊಲಿಗೆ ಯಂತ್ರದ ಮುಂದೆ ಜೀವಮಾನ ಬಾಗಿ ಕೂತವಳಿಗೆ ಬೆನ್ನು ನೋಯದೆ ಇನ್ನೇನು ಎಂದು ಎಲ್ಲರೂ ಅಂದುಕೊಂಡಿದ್ದರು, ಡಾಕ್ಟರೊಬ್ಬರನ್ನು ಬಿಟ್ಟು. ಮತ್ತು ಆ ದಿನ, ಕಿಂಡಿಯಾಚೆ, ಅಕ್ಕ ಗಾಜಿಗೆ ಮುಖ ಆನಿಸಿ ಹಿಂದಿನವರಿಗೆ ಹೇಳುತ್ತಿದ್ದಳು: "ನನ್ನ ತಮ್ಮ. ಇವನ ಕೈಯಲ್ಲಿ ತಪ್ಪು ಅನ್ನೋದೇ ಆಗಲ್ಲ, ಚಿಕ್ಕಂದಿನಿಂದಲೂ ಅಷ್ಟೇ." ಅವಳ ಪಕ್ಕದಲ್ಲಿ ಭಾವ ಬಾಯಿ ಹಾಕಿದ್ದ: "ಡಾಕ್ಟರ್ ಆಗ್ತೀನಿ ಅಂತಿದ್ದ. ಕೊನೆಗೆ ಡಾಕ್ಟರ ಚೀಟಿ ಓದೋನಾದ. ಅದೂ ಪುಣ್ಯಾನೇ ಬಿಡಿ, ಎಷ್ಟು ಜನಕ್ಕೆ ಓದೋಕೆ ಬರುತ್ತೆ?" ಸಾಲಿನಲ್ಲಿದ್ದವರು ನಕ್ಕಿದ್ದರು. ಮೂತ್ರದ ಡಬ್ಬಿ ಹಿಡಿದವರು, ಕೈಗೆ ಹತ್ತಿ ಒತ್ತಿಕೊಂಡವರು, ತಮ್ಮ ಕಷ್ಟ ಮರೆತು ನಕ್ಕಿದ್ದರು. ಅವನಿಗೆ ಕಿವಿ ಬಿಸಿಯಾಗಿ, ಇವರಿಬ್ಬರೂ ಮೊದಲು ಇಲ್ಲಿಂದ ತೊಲಗಿದರೆ ಸಾಕು ಎನ್ನಿಸಿತ್ತು. ಚೀಟಿಯನ್ನು ಕಿತ್ತುಕೊಂಡು, ‘ಹಿಂದಿನಂತೆ’ ಒತ್ತಿ, ಎಂಟರ್ ಹೊಡೆದು, "ಮುಂದಿನವರು" ಎಂದು ಕೂಗಿದ್ದ. ಹೋಗುವಾಗ ಅಕ್ಕ ಗಾಜಿನ ಮೇಲೆ ಬೆರಳು ತಟ್ಟಿ ಬರ್ತೀನಿ ಎಂದಿದ್ದಳು, ಅವನು ನೋಡಿರಲಿಲ್ಲ.

ಆಮೇಲೆ ಬಂದ ವರದಿ ಎಷ್ಟು ಚೆನ್ನಾಗಿತ್ತು! ಮೂರು ಪರೀಕ್ಷೆ, ಮೂರೂ ಹೆಚ್ಚುಕಡಿಮೆ ಇರಬೇಕಾದಲ್ಲಿ ಇದ್ದವು. ಡಾಕ್ಟರು ಗಡಿಬಿಡಿಯಲ್ಲಿ ಮೇಲಿಂದ ಕೆಳಗೆ ಕಣ್ಣಾಡಿಸಿ ಎಲ್ಲ ನಾರ್ಮಲ್ ಎಂದಿದ್ದರಂತೆ. ಇರುವ ಅಂಕಿ ತಪ್ಪಿದ್ದರೆ ಯಾರಾದರೂ ಹುಬ್ಬೇರಿಸುತ್ತಾರೆ. ಇಲ್ಲದೇ ಇರುವ ಸಾಲು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಆ ಸಂಜೆ ಅವನೇ ಅಕ್ಕನಿಗೆ ಫೋನು ಮಾಡಿ, ಎಲ್ಲ ಸರಿಯಿದೆಯಂತೆ, ಸುಮ್ಮನೆ ಹೆದರಿಕೊಂಡಿದ್ದೆ ನೀನು, ಎಂದು ದೊಡ್ಡ ಮನುಷ್ಯನ ಹಾಗೆ ಬೈದಿದ್ದ. ಅಕ್ಕ ನಕ್ಕು, ಹಾಗಾದ್ರೆ ಮುದುಕಿಯಾಗೋವರೆಗೂ ನಿನ್ನ ತಲೆ ತಿಂತೀನಿ ಬಿಡು ಎಂದಿದ್ದಳು. ಆ ನಗು ಈಗ ನೆನಪಾಗಿ ಬಾಯಲ್ಲಿ ಕಹಿ ನೀರು ಬಂತು. ಎದ್ದುಹೋಗಿ ಬಚ್ಚಲಿನಲ್ಲಿ ಉಗಿದು, ಕೈ ತೊಳೆದ. ಸೋಪು ಯಾರದೋ ಕೂದಲು ಅಂಟಿಸಿಕೊಂಡಿತ್ತು. ಸೋಪನ್ನು ತೊಳೆದು, ಮತ್ತೆ ಕೈ ತೊಳೆದ.

ತಂಪು ಕೋಣೆಯಲ್ಲಿ ಹೋದ ವಾರದ ರಕ್ತದ ನಳಿಗೆಗಳು ಚೌಕಟ್ಟುಗಳಲ್ಲಿ ನಿಂತಿರುತ್ತವೆ, ಆಮೇಲೆ ಕೆಂಪು ಚೀಲ ಸೇರುತ್ತವೆ. ಅಕ್ಕನದು ಇನ್ನೂ ಇತ್ತು. ಎತ್ತಿ ಬೆಳಕಿಗೆ ಹಿಡಿದ. ಕೆಳಗೆ ಹೆಪ್ಪು, ಮೇಲೆ ತಿಳಿ. ತಿಳಿ ಎಂದರೆ ಜೇನಿನ ಬಣ್ಣದ, ಆಚೆಯ ಅಕ್ಷರ ಓದಬಹುದಾದಷ್ಟು ತಿಳಿ. ಆ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ರಕ್ತ ಬೇಕಿರಲಿಲ್ಲ. ಯಂತ್ರದವನ ಕೈಗೆ ಕೊಟ್ಟು, ಹೊಸ ನಮೂದು ಹಾಕಿದರೆ ನಾಳೆಯೊಳಗೆ ಉತ್ತರ. ಆದರೆ ಹಳೆಯ ರಕ್ತದ ಮೇಲೆ ಹೊಸ ನಮೂದು ಹಾಕಿದರೆ ಕಂಪ್ಯೂಟರು ಕಾರಣ ಕೇಳುತ್ತದೆ, ಕಾರಣ ಕೊಟ್ಟರೆ ‘ನಮೂದಿನಲ್ಲಿ ಬಿಟ್ಟುಹೋಗಿದೆ’ ಎಂದು ಕೆಂಪು ಗೆರೆ ಬೀಳುತ್ತದೆ, ಆ ಗೆರೆ ನಾಳೆ ತಪಾಸಣೆಯವರ ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು ಬಂದು ಕೂರುತ್ತದೆ. ಪಕ್ಕದಲ್ಲಿ ಅವನ ಸಂಖ್ಯೆ. ನಳಿಗೆಯನ್ನು ಮತ್ತೆ ಚೌಕಟ್ಟಿನಲ್ಲಿಟ್ಟು, ಮೇಲ್ವಿಚಾರಕಿಯ ಕೋಣೆಗೆ ಹೋದ.

"ಒಂದು ಬಿಟ್ಟುಹೋಗಿದೆ" ಎಂದ. ಯಾರ ರಕ್ತ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳು ಕೇಳಿದ್ದು ಬೇರೆ. "ಯಾರ ನಮೂದು?"

"ನನ್ನದೇ."

ಅವಳು ಕ್ರೀಮು ಹಚ್ಚುತ್ತಿದ್ದ ಕೈ ನಿಲ್ಲಿಸಿದಳು. ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ, ಅವನು ಸ್ಪಷ್ಟವಾಗಿ ಕಂಡ, ಸಂತೋಷ. ಕೊಬ್ಬರಿ ಮಿಠಾಯಿ ಸಿಕ್ಕ ಮಕ್ಕಳ ಸಂತೋಷ. "ನಿಮ್ಮದಾ? ಅಯ್ಯೋ ದೇವರೇ. ತಕ್ಕಡೀನೂ ವಾಲ್ತು ಅನ್ನಿ!" ನಕ್ಕು, ನಗುವನ್ನು ಒರೆಸಿಕೊಂಡು, ದನಿ ತಗ್ಗಿಸಿದಳು. "ನೋಡಿ, ನಾನು ಹಾಕ್ಬೇಡಿ ಅನ್ನಲ್ಲ. ಹಾಕೋದಾದ್ರೆ ಹಾಕಿ, ಗೆರೆ ಬಿದ್ರೆ ಬೀಳ್ಲಿ, ಹೆಸರು ನಿಮ್ಮದೇ ಬರುತ್ತೆ. ಇಲ್ಲಾಂದ್ರೆ ಇದ್ದೇ ಇದೆಯಲ್ಲ. ರಕ್ತ ಒಡೆದಿತ್ತು ಅಂತ ಹೇಳಿ ಕರೆಸಿ. ಹೊಸ ರಕ್ತ, ಹೊಸ ನಮೂದು. ಯಾರಿಗೆ ಏನು ನಷ್ಟ? ಒಂದು ಚುಚ್ಚು."

ಇದ್ದೇ ಇದೆ. ಈ ಪ್ರಯೋಗಶಾಲೆಯ ಎಲ್ಲ ತಪ್ಪುಗಳನ್ನೂ ಹೊರುವ ಒಂದೇ ಮಾತು ಅದು. ಸೂಜಿಯನ್ನು ಒರಟಾಗಿ ಎಳೆದರೆ, ಕಷ್ಟದಿಂದ ರಕ್ತ ಹಿಂಡಿದರೆ, ಕೆಲವೊಮ್ಮೆ ಕೆಂಪು ಕಣಗಳು ನಿಜವಾಗಿ ಒಡೆಯುತ್ತವೆ. ತಿಳಿ ಕೆಂಪಾಗಿ ಕೆಲಸಕ್ಕೆ ಬಾರದೆ ಹೋಗುತ್ತದೆ. ಅದು ಅಪರೂಪಕ್ಕೆ. ಆದರೆ ಇಲ್ಲಿ ನಳಿಗೆ ಕಳೆದರೂ ರಕ್ತ ಒಡೆದಿತ್ತು, ಹೆಸರಿನ ಚೀಟಿ ಅದಲುಬದಲಾದರೂ ಒಡೆದಿತ್ತು, ನಮೂದು ಬಿಟ್ಟರೂ ಒಡೆದಿತ್ತು. ರೋಗಿಗೆ ಫೋನು ಮಾಡಿ ಇದನ್ನು ಹೇಳಲು ಮೆತ್ತನೆಯ ದನಿ ಬೇಕು, ಅದು ಅವನಲ್ಲಿತ್ತು. ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದ. ನಿಮ್ಮ ರಕ್ತ ಒಡೆದುಹೋಗಿತ್ತು ನೋಡಿ, ಇನ್ನೊಮ್ಮೆ ಬಂದುಹೋಗ್ತೀರಾ? ಯಾರೂ ಜಗಳ ಮಾಡಿರಲಿಲ್ಲ. ಜಗಳ ಮಾಡುವುದು ಹೇಗೆ, ತಪ್ಪು ಅವರ ರಕ್ತದ್ದಲ್ಲವೇ? ಒಬ್ಬ ಮುದುಕಿ ಕೇಳಿದ್ದಳು, ನನ್ನ ರಕ್ತ ಅಷ್ಟು ಕೆಟ್ಟದಾ ಅಪ್ಪಾ, ಅಂತ. ಇನ್ನೊಬ್ಬಾಕೆ, ಮದುವೆ ನಿಶ್ಚಯವಾಗಿದ್ದ ಹುಡುಗಿ, ಯಾರಿಗೂ ಹೇಳ್ಬೇಡಿ ಎಂದು ಅತ್ತಿದ್ದಳು. ಅವನು ಸಮಾಧಾನ ಹೇಳಿದ್ದ! ಅದೇ ದನಿಯಲ್ಲಿ, ಅದೇ ನಾಲಿಗೆಯಲ್ಲಿ, ಹಾಗೇನಿಲ್ಲಮ್ಮ ಎಲ್ಲರಿಗೂ ಆಗುತ್ತೆ, ಎಂದು ಸಮಾಧಾನ ಹೇಳಿ, ಫೋನಿಟ್ಟು, ಚಹಾ ಕುಡಿದಿದ್ದ.

ಕುರ್ಚಿಗೆ ಮರಳಿ, ಒಂದಿಷ್ಟು ಹೊತ್ತು ಫೋನನ್ನೇ ನೋಡಿದ. ಅಕ್ಕನ ನರಗಳು ಸಿಗುವುದಿಲ್ಲ. ಕೈ ದಪ್ಪ, ನರ ದಾರದಷ್ಟು ಸಣ್ಣ. ಪ್ರತಿ ಸಲ ಎರಡು ಮೂರು ಕಡೆ ಚುಚ್ಚಬೇಕು, ಆಮೇಲೆ ವಾರಗಟ್ಟಲೆ ನೀಲಿ. ಇದೆಲ್ಲ ಗೊತ್ತಿತ್ತು. ಒಂದು ಕಡೆ ತನ್ನ ಸಂಖ್ಯೆಯ ಪಕ್ಕದಲ್ಲೊಂದು ಕೆಂಪು ಗೆರೆ, ಇನ್ನೊಂದು ಕಡೆ ಅಕ್ಕನ ತೋಳು. ತೂಗಲು ಏನಿದೆ ಇದರಲ್ಲಿ? ಆದರೂ ತೂಗುತ್ತಿದ್ದ, ನಾಚಿಕೆಗೆಟ್ಟು ತೂಗುತ್ತಿದ್ದ. ಗೆರೆ ಬಿದ್ದರೆ ಎಲ್ಲರಿಗೂ ತಿಳಿಯುತ್ತದೆ. ಗಂಡಸಿನ ಬಸುರಿನ ಕಥೆಯ ಬಾಲಕ್ಕೆ ಈ ಕಥೆಯೂ ಸೇರುತ್ತದೆ: ಗೊತ್ತಾ, ಸ್ವಂತ ಅಕ್ಕನದನ್ನೇ ಬಿಟ್ಟ. ಭಾವನವರೆಗೂ ಹೋಗುತ್ತದೆ. ಚೀಟಿ ಓದೋಕೂ ಬರಲ್ವಂತೆ ಎಂದು ಭಾವ ಯಾವುದಾದರೂ ಸಾಲಿನಲ್ಲಿ ನಿಂತು ಹೇಳುತ್ತಾನೆ. ನಂಬರು ಒತ್ತಿದ.

ಆಚೆಯಿಂದ ಮೊದಲು ಹೊಲಿಗೆ ಯಂತ್ರದ ಸದ್ದು, ಆಮೇಲೆ ಅಕ್ಕ. ದಾರ ಬಾಯಲ್ಲಿ ಕಚ್ಚಿಕೊಂಡೇ "ಹೇಳೋ" ಎಂದಳು. ಅದೇ ಹೊತ್ತಿಗೆ ಓಣಿಯಲ್ಲಿ ಗಾಲಿಗಳು ಕಿರುಗುಟ್ಟಿದವು. ಕಸದ ಗಾಡಿಯವನು ತಂಪು ಕೋಣೆಯ ಬಾಗಿಲು ಮುಚ್ಚದಂತೆ ಕಲ್ಲು ಅಡ್ಡ ಇಟ್ಟು, ಹಳೆಯ ಚೌಕಟ್ಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಗಾಜಿನ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಅಕ್ಕನ ಚೌಕಟ್ಟು ಮೇಲೆಯೇ ಇತ್ತು. ಅವನು ಫೋನಿನ ಬಾಯನ್ನು ಕೈಯಿಂದ ಮುಚ್ಚಿ ಅರ್ಧ ಎದ್ದ. ಗಾಡಿಯವನು ನೋಡಿ, ಹುಬ್ಬೇರಿಸಿದ. "ಏನ್ ಸಾರ್, ಏನಾದ್ರೂ ಬೇಕಿತ್ತಾ ಇದರಲ್ಲಿ?"

ಅವನು ತಲೆಯಲ್ಲಾಡಿಸಿದ. ಇಲ್ಲ ಎಂದು. ತಲೆ ಅಷ್ಟು ಸುಲಭವಾಗಿ ಅಲ್ಲಾಡಿತು. ಗಾಡಿ ಕಿರುಗುಟ್ಟುತ್ತ ಓಣಿಯ ತಿರುವಿನಲ್ಲಿ ಮರೆಯಾಯಿತು.

"ಯಾರ ಜೊತೆಗೋ ಮಾತಾಡ್ತಿದೀಯಾ?" ಅಕ್ಕ ಕೇಳಿದಳು.

"ಇಲ್ಲ ಅಕ್ಕ. ನಿನ್ನ ರಕ್ತ... ಹೋದ ವಾರ ಕೊಟ್ಟಿದ್ಯಲ್ಲ, ಅದು ಒಂದು ಪರೀಕ್ಷೆಗೆ ಒಡೆದುಹೋಗಿತ್ತು. ಇನ್ನೊಮ್ಮೆ ಬಂದುಹೋಗ್ತೀಯಾ?" ಮೆತ್ತನೆಯ ದನಿ ತಾನಾಗಿ ಬಂತು, ಕರೆದ ನಾಯಿಯ ಹಾಗೆ. "ಉಳಿದಿದ್ದೆಲ್ಲ ನಾರ್ಮಲ್ಲೇ. ಇದು ಸುಮ್ನೆ, ಸಣ್ಣದು."

"ಹಾಲು ಒಡೆಯೋ ಹಾಗೆ ರಕ್ತಾನೂ ಒಡೆಯುತ್ತೇನೋ?" ಅಕ್ಕ ನಕ್ಕಳು. "ಛೆ, ನನ್ನಿಂದ ನಿಂಗೆಷ್ಟು ತಾಪತ್ರಯ. ಅಲ್ಲಿ ಅವರೆಲ್ಲ ನಿನ್ನ ಏನಂದ್ಕೊಂಡ್ರೋ, ಇವನ ಅಕ್ಕಂದು ಇಂಥಾ ರಕ್ತ ಅಂತ. ಈಗ್ಲೇ ಬಂದೆ ಇರು."

ಮಧ್ಯಾಹ್ನದ ಹೊತ್ತಿಗೆ ಬಂದಳು. ಎರಡು ಸ್ಟಾಪು ದೂರ, ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಬೆನ್ನಿಗೆ ಕೈ ಕೊಟ್ಟುಕೊಂಡು ಮೆಟ್ಟಿಲು ಹತ್ತುವುದನ್ನು ಕಿಂಡಿಯಿಂದಲೇ ಕಂಡ. ಭಾವ ಜೊತೆಗಿರಲಿಲ್ಲ, ಅಷ್ಟು ಸಾಕು ಎನ್ನಿಸಿ, ಹಾಗೆನ್ನಿಸಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ರಕ್ತ ತೆಗೆಯುವಾಕೆ ಹಳಬಳು, ಸೊಳ್ಳೆ ಎಂದು ತನ್ನನ್ನು ತಾನೇ ಕರೆದುಕೊಂಡು ರೋಗಿಗಳನ್ನು ನಗಿಸುವವಳು. ಅಕ್ಕನ ತೋಳಿಗೆ ರಬ್ಬರು ಪಟ್ಟಿ ಬಿಗಿದು, ತಟ್ಟಿ, ಉಜ್ಜಿ, ಬಾಗಿ ನೋಡಿದಳು. "ಎಲ್ಲಿ ಬಚ್ಚಿಟ್ಟಿದೀರಮ್ಮ ನರಾನೆಲ್ಲ?" ಮೊದಲ ಚುಚ್ಚಿಗೆ ಏನೂ ಬರಲಿಲ್ಲ. ಎರಡನೆಯದಕ್ಕೆ ಒಂದೆರಡು ಹನಿ ಬಂದು ನಿಂತಿತು. ಸೂಜಿಯನ್ನು ಒಳಗೇ ಅತ್ತ ಇತ್ತ ಆಡಿಸಿದಳು. ಅಕ್ಕ ತುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿ, "ನನ್ನದೇ ತಪ್ಪು ಕಣಮ್ಮ, ನೀರು ಕುಡಿಯೋದು ಕಡಿಮೆ" ಎಂದಳು. ಅವಳ ಕೈಚೀಲ ಹಿಡಿದು ಬಾಗಿಲಿನಲ್ಲಿ ನಿಂತಿದ್ದವನಿಗೆ ಆ ಮಾತು ಸೂಜಿಗಿಂತ ಒಳಗೆ ಹೋಯಿತು. ಚೀಲದೊಳಗೆ ಅಳತೆಯ ಟೇಪು ಸುರುಳಿ ಸುತ್ತಿಕೊಂಡು ಮಲಗಿತ್ತು. ಎಷ್ಟೇ ಹಳೆಯ ಗಿರಾಕಿ ಬಂದರೂ ಅಕ್ಕ ಹೊಸದಾಗಿ ಅಳತೆ ತೆಗೆಯುತ್ತಿದ್ದಳು. ಹೋದ ಸಲದ್ದೇ ಇದೆಯಲ್ಲ ಎಂದು ಅವರು ಗೊಣಗಿದರೆ, ಮೈ ಏನು ಕಲ್ಲಾ, ಬದಲಾಗ್ತಾ ಇರುತ್ತೆ, ಕೈ ಎತ್ತಿ, ಎನ್ನುತ್ತಿದ್ದಳು. ಹೋಂವರ್ಕು ಮಾಡುತ್ತ ಮೂಲೆಯಲ್ಲಿ ಕೂತಿರುತ್ತಿದ್ದ ತನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಅಷ್ಟು ದಪ್ಪ ಹೆಂಗಸರು ಅಕ್ಕ ಹೇಳಿದ ಕೂಡಲೇ ಕೈ ಎತ್ತಿ ನಿಲ್ಲುವುದು.

ಕೊನೆಗೆ ಮುಂಗೈ ಮೇಲೊಂದು ನರ ಸಿಕ್ಕಿತು. ಸೊಳ್ಳೆ ಬೆರಳುಗಳನ್ನು ಹಿಂಡಿ ಹಿಂಡಿ, ಹನಿ ಹನಿಯಾಗಿ, ನಳಿಗೆಯ ಕಾಲು ಭಾಗ ತುಂಬಿಸಿದಳು. ಅಷ್ಟರಲ್ಲಿ ಅಕ್ಕನ ಹಣೆ ಬೆವೆತು, ಮುಖ ಬಿಳಿಚಿತ್ತು. ಈಗ ಹೇಳಬೇಕು ಎಂದುಕೊಂಡ. ಹೇಳಿದರೆ ಏನಾಗುತ್ತದೆ, ಅಕ್ಕ ಬೈಯುತ್ತಾಳೆ, ಅಷ್ಟೇ ತಾನೆ. ಅಕ್ಕ ಬೈದರೆ ಎಷ್ಟು ಚೆನ್ನಾಗಿತ್ತು. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತಾಗ ಬಾಯಿ ತೆರೆದ. "ಅಕ್ಕ..." ಅಷ್ಟರಲ್ಲಿ ಅವಳು ಊದತೊಡಗಿದ್ದ ಕೈಯಿಂದಲೇ ಅವನ ಅಂಗಿಯ ತೋಳಿನ ಅಂಚು ಹಿಡಿದು ನೋಡಿದಳು. "ಗುಂಡಿ ಜೋತಾಡ್ತಿದೆ ನೋಡು. ಹೀಗೆ ಬರ್ತೀಯಾ ಆಫೀಸಿಗೆ? ಭಾನುವಾರ ಬಾ, ಹಾಕಿಕೊಡ್ತೀನಿ." ಅವನು ಆಯಿತೆಂದ. ಹೇಳಬೇಕಾದದ್ದು ಹೇಳದೇ ಉಳಿಯಿತು, ಉಳಿದದ್ದು ಒಳ್ಳೆಯದೇ ಆಯಿತು ಎಂದು ಮೈಯೆಲ್ಲ ಸಡಿಲವಾಯಿತು. ಆ ಸಡಿಲದ ಸುಖದಷ್ಟು ಅಸಹ್ಯವಾದದ್ದನ್ನು ಅವನು ಅಂದು ಬೆಳಗಿನಿಂದ ಕಂಡಿರಲಿಲ್ಲ, ಸೋಪಿನ ಕೂದಲೂ ಸೇರಿದಂತೆ.

ಒಳಗೆ ಬಂದು ನಮೂದು ಹಾಕಿದ. ಒಂದೊಂದೇ ಅಕ್ಷರ, ಮೂರು ಸಲ ಓದಿ. ಕಾರಣ ಎಂಬಲ್ಲಿ ‘ಮಾದರಿ ಒಡೆದಿತ್ತು’ ಎಂದು ತುಂಬಿ ಎಂಟರ್ ಹೊಡೆದ. ಪರದೆಯ ಮೇಲೆ ಹಸಿರು ಗುರುತು ಬಂತು. ಹಿಂದಿನಿಂದ ಗುಲಾಬಿಯ ವಾಸನೆ ತೇಲಿತು. "ನೋಡಿದ್ರಾ, ಎಷ್ಟು ಸಲೀಸು" ಎಂದಳು ಮೇಲ್ವಿಚಾರಕಿ. "ಈ ಸಲ ಶೇಕಡಾ ನೂರು ಬಂದ್ರೂ ಬಂತು." ಅವನ ಭುಜ ತಟ್ಟಿ ಹೋದಳು. ಇದುವರೆಗೆ ಅವಳು ಅವನನ್ನು ಮುಟ್ಟಿರಲಿಲ್ಲ. ಈಗ ತನ್ನವನೆನ್ನಿಸಿರಬೇಕು. ಅಂಗಿಯ ಆ ಭಾಗಕ್ಕೆ ಕ್ರೀಮು ಅಂಟಿ, ಸಂಜೆಯವರೆಗೂ ವಾಸನೆ ಹೊಡೆಯುತ್ತಿತ್ತು.

ಬಾಗಿಲು ಹಾಕುವ ಹೊತ್ತಿಗೆ ಒಳಗಿನಿಂದ ಯಂತ್ರದವನು ಬಂದ. ರೇಡಿಯೋ ನಿಂತುಹೋಗಿತ್ತು. ಅವನ ಕೈಯಲ್ಲೊಂದು ನಳಿಗೆ. ಅದನ್ನು ದೀಪದ ಕೆಳಗೆ ಹಿಡಿದ. ಹೆಪ್ಪಿನ ಮೇಲಿನ ತಿಳಿ ತಿಳಿಯಾಗಿರಲಿಲ್ಲ, ಬೀಟ್ರೂಟು ತೊಳೆದ ನೀರಿನಷ್ಟು ಕೆಂಪಗಿತ್ತು.

"ಇದು ಆಗಲ್ಲ. ಒಡೆದಿದೆ" ಎಂದ.

"ತಮಾಷೆ ಮಾಡ್ಬೇಡ."

"ತಮಾಷೆ ಯಾಕೆ ಮಾಡ್ಲಿ? ನೀವೇ ನೋಡಿ. ಹಿಂಡಿ ತೆಗೆದಿದ್ದಾರೆ, ಒಡೆಯದೆ ಇನ್ನೇನು? ಇದರಲ್ಲಿ ಮಾಡಿದ್ರೆ ಪ್ರೋಟೀನಿನಲ್ಲಿ ಇಲ್ಲದ ಗೆರೆ ಕಾಣುತ್ತೆ, ಇಲ್ಲದ ಕಾಯಿಲೆ ಅಂಟಿಸಿದ ಹಾಗಾಗುತ್ತೆ." ನಳಿಗೆಯ ಮೇಲಿನ ಹೆಸರು ನೋಡಿ, ತಲೆ ಕೆರೆದುಕೊಂಡ. "ಇವರದ್ದು ಹೋದ ವಾರದ್ದಿತ್ತಲ್ಲ? ಚೆನ್ನಾಗಿತ್ತು ಅದು, ನಾನೇ ನೋಡಿದ್ದೆ. ಅದರಲ್ಲೇ ಮಾಡ್ಬಹುದಿತ್ತು. ಎಲ್ಲಿ?"

ಯಂತ್ರದವನು ತಂಪು ಕೋಣೆಯ ಖಾಲಿ ಅಟ್ಟಣಿಗೆ ನೋಡಿ, ಓಹ್ ಎಂದು, ನಳಿಗೆಯನ್ನು ಅವನ ಮೇಜಿನ ಮೇಲಿಟ್ಟು ಹೋದ. ನಳಿಗೆ ಮೇಜಿನ ಇಳಿಜಾರಿಗೆ ಉರುಳಿ ಕೀಬೋರ್ಡಿಗೆ ತಾಗಿ ನಿಂತಿತು. ಎಷ್ಟು ಹೊತ್ತು ಅದನ್ನು ನೋಡುತ್ತ ಕೂತಿದ್ದನೋ. ಕೆಂಪು ನಿಜವಾದ ಕೆಂಪು. ಜೀವಮಾನವಿಡೀ ಹೇಳಿದ ಸುಳ್ಳು ಕೊನೆಗೂ ತನ್ನ ಮನೆಯ ವಿಳಾಸ ಹುಡುಕಿಕೊಂಡು ಬಂದಿತ್ತು. ಫೋನೆತ್ತಿದ.

"ಬಂತೇನೋ ರಿಪೋರ್ಟು?" ಅಕ್ಕ ಯಂತ್ರ ತುಳಿಯುತ್ತಲೇ ಕೇಳಿದಳು.

"ಇಲ್ಲ ಅಕ್ಕ. ರಕ್ತ..." ಬೇರೆ ಪದ ಹುಡುಕಿದ, ಸಿಗಲಿಲ್ಲ. ಬೇರೆ ದನಿಯೂ ಸಿಗಲಿಲ್ಲ. ಅದೇ ಮೆತ್ತನೆಯದು ಬಂತು. "ರಕ್ತ ಒಡೆದುಹೋಗಿದೆ."

ಆಚೆ ಯಂತ್ರ ನಿಂತಿತು.

"ಮತ್ತಾ?"

"ಈ ಸಲ ನಿಜವಾಗ್ಲೂ."

ಅಕ್ಕನಿಂದ ಬಂದ ದನಿ ಅವನು ಕೇಳಿರದ ದನಿ, ಸಣ್ಣದು, ಒಣಗಿದ್ದು. "ಏನೋ ಬಂದಿದೆ, ಅಲ್ವಾ?"

"ಏನೂ ಬಂದಿಲ್ಲ ಅಕ್ಕ."

"ನಂಗೇನು ತಿಳಿಯಲ್ವಾ? ಎರಡೆರಡು ಸಲ ಯಾರ ರಕ್ತ ಒಡೆಯುತ್ತೆ? ಎಲ್ಲ ನಾರ್ಮಲ್ ಅಂದೆ. ಆಮೇಲೆ ಸಣ್ಣದು ಅಂದೆ. ಬೆಂಚಿನ ಮೇಲೆ ಏನೋ ಹೇಳೋಕೆ ಬಾಯಿ ತೆಗೆದು ಮುಚ್ಕೊಂಡೆ, ನಾನು ನೋಡ್ಲಿಲ್ವಾ? ಏನೋ ಕಂಡಿದೆ. ಖಾತ್ರಿ ಮಾಡ್ಕೊಳ್ಳೋಕೆ ಮತ್ತೆ ಕರೀತಿದಾರೆ. ಬೆನ್ನಿಂದೇ ಅಲ್ವಾ?"

ಇಷ್ಟು ಹೊತ್ತು ತೂಗಿದ್ದೆಲ್ಲ ಒಂದೇ ಏಟಿಗೆ ಉರುಳಿತು. ಗೆರೆ, ಹೆಸರು, ಭಾವನ ನಗು, ಎಲ್ಲ ಹಾಳಾಗಿ ಹೋಗಲಿ. "ಅಕ್ಕ, ಕೇಳಿಲ್ಲಿ. ಡಾಕ್ಟರು ಅವತ್ತೇ ಒಂದು ಪರೀಕ್ಷೆ ಬರೆದಿದ್ರು. ನಾನು ಹಾಕ್ಲಿಲ್ಲ. ನೋಡ್ಲೇ ಇಲ್ಲ ಕಣೇ. ನೀವಿಬ್ರೂ ಬೇಗ ಹೋದ್ರೆ ಸಾಕು ಅಂತ ಗುಂಡಿ ಒತ್ಬಿಟ್ಟೆ. ನಿನ್ನ ಮೊದಲನೇ ರಕ್ತ ಒಡೆದಿರ್ಲಿಲ್ಲ, ಚೆನ್ನಾಗೇ ಇತ್ತು. ಇವತ್ತು ಬೆಳಿಗ್ಗೆ ನಿನ್ನ ಜೊತೆ ಮಾತಾಡ್ತಾ ಇರೋವಾಗ, ನನ್ನ ಕಣ್ಣೆದುರಿಗೇ ಅದನ್ನ ತಗೊಂಡು ಹೋದ್ರು. ಬೇಕಾ ಅಂತ ಕೇಳಿದ್ರು. ಬೇಡ ಅಂದೆ. ಸುಳ್ಳು ಹೇಳಿದೆ ನಿಂಗೆ. ಪರೀಕ್ಷೆ ಇನ್ನೂ ಆಗೇ ಇಲ್ಲ. ಏನೂ ಬಂದಿಲ್ಲ."

ಹೇಳಿ ಮುಗಿಸಿದವನು ಬೈಗುಳಕ್ಕಾಗಿ ಕಾದ. ಬಾಯಾರಿದವನು ನೀರಿಗೆ ಕಾಯುವಂತೆ ಕಾದ.

ಅಕ್ಕ ಸೊರಕ್ಕನೆ ಮೂಗು ಎಳೆದುಕೊಂಡಳು. ಆಮೇಲೆ, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕುತ್ತ ಮಾತಾಡುತ್ತಿದ್ದಳಲ್ಲ, ಆ ದನಿಯಲ್ಲಿ ಹೇಳಿದಳು: "ನಿನ್ನ ಎತ್ತಿ ಆಡಿಸಿದೋಳು ಕಣೋ ನಾನು. ನಿನ್ನ ಕೈಯಲ್ಲಿ ತಪ್ಪಾಗುತ್ತೆ ಅಂದ್ರೆ ನಾನು ನಂಬ್ತೀನಾ? ನನ್ನ ಸಮಾಧಾನಕ್ಕೆ ಅಂತ ಹೀಗೆಲ್ಲ ನಿನ್ನ ತಲೆ ಮೇಲೆ ಎಳ್ಕೋಬೇಡ. ಅಲ್ಲಿ ಯಾರಾದ್ರೂ ಕೇಳಿಸ್ಕೊಂಡ್ರೆ ಕೆಲಸಕ್ಕೇ ಕುತ್ತು."

"ಅಕ್ಕ, ನಿಜ ಹೇಳ್ತಿದೀನಿ."

"ಆಯ್ತು, ನಿಜ. ಅಳಬೇಡ. ನಿಮ್ಮ ಭಾವನಿಗೆ ಮಾತ್ರ ಈಗ್ಲೇ ಹೇಳ್ಬೇಡ, ಅವರು ಬಾಯಲ್ಲಷ್ಟೇ ಜೋರು. ಬೆಳಿಗ್ಗೆ ಬರ್ತೀನಿ. ಬಲಗೈ ಊದಿದೆ, ಎಡಗೈ ಕೊಡ್ತೀನಿ."

ಅಕ್ಕ ಫೋನನ್ನು ಸರಿಯಾಗಿ ಇಡಲಿಲ್ಲ, ಪಕ್ಕದಲ್ಲೆಲ್ಲೋ ಇಟ್ಟುಬಿಟ್ಟಳು. ಅವನೂ ಇಡಲಿಲ್ಲ. ಮೊದಲು ಟೇಪು ಎಳೆದ ಸದ್ದು, ಕತ್ತರಿಯ ಸದ್ದು. ಆಮೇಲೆ ಹೊಲಿಗೆ ಯಂತ್ರ ಶುರುವಾಯಿತು. ಮೊದಲಿಗಿಂತ ಜೋರಾಗಿ, ನಿಲ್ಲಿಸದೆ, ವಾರವಿಡೀ ಕೊಡಬೇಕಾಗಿದ್ದ ಬಟ್ಟೆಗಳನ್ನೆಲ್ಲ ಇವತ್ತೇ ಮುಗಿಸಿಬಿಡಬೇಕು ಎಂಬಂತೆ ಅಕ್ಕ ತುಳಿಯುತ್ತಿದ್ದಳು.